ಮೇಲ್ಮನೆ ಸದಸ್ಯರ ಮಾತು ಕಡತದಲ್ಲಿ ಎಲ್ಲಿ ಸಿಗುತ್ತದೆ, ಅದರ ತೂಕ ನೋಡುವುದು ಹೇಗೆ?

ಬಸವನಗುಡಿ ಓದುಗ:

ನಮ್ಮ ಓದುಗರ ಬಳಗಕ್ಕಾಗಿ ಒಂದು ಟಿಪ್ಪಣಿ ಸಿದ್ಧವಾಗಬೇಕಿದೆ. ನೇರ ಮಾತಿಗೆ ಹೆಸರಾದ ರಾಜ್ಯಸಭಾ ಸದಸ್ಯರೊಬ್ಬರು ಬೆಂಗಳೂರಿನ ವಿಚಾರದಲ್ಲಿ, ಅದರಲ್ಲೂ ಉಪನಗರ ರೈಲು ಮತ್ತು ಕೆರೆಗಳ ಬಗ್ಗೆ, ಸದನದಲ್ಲಿ ಏನೇನು ಎತ್ತಿದ್ದಾರೆ ಎಂಬುದು ವಿಷಯ. ವಾಟ್ಸಾಪ್‌ನಲ್ಲಿ ಓಡಾಡುವ ತುಣುಕುಗಳನ್ನು ನಂಬಿ ಬರೆಯಲು ಮನಸ್ಸಿಲ್ಲ. ಪೂರ್ತಿ ಭಾಷಣ ಎಲ್ಲಿ ಸಿಗುತ್ತದೆ? ‘ಇಷ್ಟು ಚರ್ಚೆ, ಇಷ್ಟು ಪ್ರಶ್ನೆ’ ಎಂಬ ಅಂಕಿಗಳನ್ನು ಎಷ್ಟರ ಮಟ್ಟಿಗೆ ನೆಚ್ಚಬಹುದು? ಗಟ್ಟಿಯಾಗಿ ಮಾತಾಡಿದ್ದರಿಂದ ಏನಾದರೂ ಆಯಿತೇ ಎಂದು ತಿಳಿಯುವ ದಾರಿ ಇದೆಯೇ?

ಕಡತಪ್ರಿಯ:

ಮೊದಲು ತುಣುಕಿನ ದಿನಾಂಕ ಹಿಡಿಯಿರಿ. ಆಮೇಲೆ ಸದಸ್ಯರು ಯಾವ ಅವಕಾಶದಲ್ಲಿ ಎದ್ದು ನಿಂತರು ಎಂದು ನೋಡಿ. ಮಾತಿನ ಫಲ ಅರ್ಧ ತೀರ್ಮಾನವಾಗುವುದು ಅಲ್ಲೇ.

ರಾಜ್ಯಸಭೆಯಲ್ಲಿ 2014ರ ನವೆಂಬರ್‌ನಿಂದ ಪ್ರಶ್ನೋತ್ತರ ಮಧ್ಯಾಹ್ನ 12ಕ್ಕೆ. ಅದಕ್ಕೂ ಮುಂಚೆ, 11ಕ್ಕೆ ಸದನ ಸೇರಿ ಕಾಗದಪತ್ರ ಮಂಡನೆಯಾದ ಮೇಲೆ, ತುರ್ತು ವಿಷಯ ಎತ್ತುವ ಶೂನ್ಯವೇಳೆ. ಒಬ್ಬರಿಗೆ 3 ನಿಮಿಷ. ವೈರಲ್ ಆಗುವ ಮಾತು ಹೆಚ್ಚಾಗಿ ಇಲ್ಲಿಯದೇ, ಆದರೆ ಇಲ್ಲಿ ಎತ್ತಿದ್ದಕ್ಕೆ ಮಂತ್ರಿ ಅಲ್ಲೇ ಉತ್ತರ ಕೊಡಬೇಕೆಂಬ ಕಟ್ಟುಪಾಡಿಲ್ಲ. ವಿಶೇಷ ಪ್ರಸ್ತಾಪವೆಂದರೆ 250 ಪದದೊಳಗಿನ ಪಠ್ಯ. ಮೊದಲೇ ಕೊಟ್ಟು ಒಪ್ಪಿಗೆ ಪಡೆದದ್ದನ್ನು ಮಾತ್ರ ಓದಬೇಕು. ಅದಕ್ಕೆ ಇಲಾಖೆಯ ಉತ್ತರ ಆಮೇಲೆ ಸದಸ್ಯರಿಗೆ ಪತ್ರದ ಮೂಲಕ ಹೋಗುತ್ತದೆ, ಆ ದಿನದ ಚರ್ಚೆಯ ಕಡತದಲ್ಲಿ ಇರುವುದಿಲ್ಲ. ಸದಸ್ಯರ ಕಚೇರಿಯನ್ನೇ ಕೇಳಿ ಪ್ರತಿ ತರಿಸಿಕೊಳ್ಳಿ.

ಸರ್ಕಾರವನ್ನು ಕಟ್ಟಿಹಾಕುವ ಸಾಧನ ಪ್ರಶ್ನೆ. ಸಾಮಾನ್ಯವಾಗಿ 15 ಪೂರ್ಣ ದಿನ ಮುಂಚೆ ಸೂಚನೆ ಕೊಡಬೇಕು. ಬಂದ ಸೂಚನೆಗಳ ಸರದಿ ಚೀಟಿ ಎತ್ತಿ ಗೊತ್ತಾಗುತ್ತದೆ. ದಿನಕ್ಕೆ ಚುಕ್ಕೆ ಗುರುತಿನ, ಅಂದರೆ ಮಂತ್ರಿ ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ, 15 ಪ್ರಶ್ನೆಗಳಿಗೆ ಮಾತ್ರ ಜಾಗ. ಒಂದು ಗಂಟೆಯಲ್ಲಿ ಅಷ್ಟೂ ಬಾಯಿಮಾತಿನ ಉತ್ತರಕ್ಕೆ ಬರುವುದು ಅಪರೂಪ, ಉಳಿದವುಗಳ ಲಿಖಿತ ಉತ್ತರವನ್ನು ಸದನದಲ್ಲಿ ಇಟ್ಟುಬಿಡುತ್ತಾರೆ. ಸರದಿ ಬಂದರೆ ಪ್ರಶ್ನೆ ಕೇಳಿದವರಿಗೆ ಎರಡು ಉಪಪ್ರಶ್ನೆ. ಸದಸ್ಯರ ತಯಾರಿ ಬಯಲಾಗುವುದು ಆ ಎರಡರಲ್ಲಿ. ಕೈಯಲ್ಲಿರುವ ಲಿಖಿತ ಉತ್ತರದ ಮೂರನೇ ಸಾಲು ಹಿಡಿದು ‘ಈ ಅಂಕಿ ಹೋದ ವರ್ಷದ್ದಕ್ಕೆ ಹೊಂದುವುದಿಲ್ಲವಲ್ಲ’ ಎಂದು ಕೇಳುವವರು ಬೇರೆ, ಎರಡನ್ನೂ ಭಾಷಣಕ್ಕೆ ಖರ್ಚು ಮಾಡುವವರು ಬೇರೆ.

ಉಪನಗರ ರೈಲನ್ನೇ ತೆಗೆದುಕೊಳ್ಳಿ. ‘ಯೋಜನೆ ಯಾಕೆ ತಡವಾಗುತ್ತಿದೆ, ಯಾವಾಗ ಮುಗಿಯುತ್ತದೆ?’ ಎಂದರೆ ‘ಕಾಮಗಾರಿ ಪ್ರಗತಿಯಲ್ಲಿದೆ’ ಎಂಬ ಉತ್ತರ ಗ್ಯಾರಂಟಿ. ಅದನ್ನೇ ಹೀಗೆ ಕೇಳಬಹುದು:

(ಅ) ಬೈಯಪ್ಪನಹಳ್ಳಿ–ಚಿಕ್ಕಬಾಣಾವರ ಮಾರ್ಗಕ್ಕೆ ಬೇಕಾದ ರೈಲ್ವೆ ಜಮೀನು ಎಷ್ಟು ಎಕರೆ, ಈವರೆಗೆ ಹಸ್ತಾಂತರವಾದದ್ದು ಎಷ್ಟು;
(ಆ) ಕೇಂದ್ರದ ಪಾಲಿನ ಹಣದಲ್ಲಿ ವರ್ಷವಾರು ಬಿಡುಗಡೆಯಾದದ್ದು ಎಷ್ಟು;
(ಇ) ಬಾಕಿ ಜಮೀನು ಹಸ್ತಾಂತರಕ್ಕೆ ಗೊತ್ತುಮಾಡಿದ ದಿನಾಂಕ ಯಾವುದು?

2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ್ದು 148 ಕಿ.ಮೀ., 15,767 ಕೋಟಿ ರೂಪಾಯಿಯ ಯೋಜನೆ. ಕೇಂದ್ರ ಮತ್ತು ರಾಜ್ಯ ತಲಾ ಶೇ 20 ಕೊಟ್ಟು, ಉಳಿದ ಶೇ 60 ಸಾಲದಿಂದ ಬರಬೇಕು. ಈ ಚೌಕಟ್ಟು ಗೊತ್ತಿದ್ದವರು ಮಾತ್ರ (ಆ) ಕೇಳಬಲ್ಲರು. ನೀವು ಆರಿಸಿದ ಸದಸ್ಯರ ಪ್ರಶ್ನೆಗಳನ್ನು ಇದೇ ಕಣ್ಣಿನಿಂದ ಓದಿ. ಎಕರೆ, ರೂಪಾಯಿ, ದಿನಾಂಕ ಕೇಳಿದ್ದಾರೆಯೇ? ಪ್ರಶ್ನೆಯಲ್ಲಿ ವಾದ, ವ್ಯಂಗ್ಯ, ಆಪಾದನೆ ಇದ್ದರೆ ನಿಯಮದ ಪ್ರಕಾರ ಅದು ಅಂಗೀಕಾರವೇ ಆಗುವುದಿಲ್ಲ. ಹಾಗಾಗಿ ಸದನದಲ್ಲಿ ಗುಡುಗುವ ಸದಸ್ಯರ ಲಿಖಿತ ಪ್ರಶ್ನೆ ಸಪ್ಪೆಯಾಗಿ ಕಂಡರೆ ತಪ್ಪು ತಿಳಿಯಬೇಡಿ.

ಹುಡುಕುವ ಜಾಗ ಸಂಸದ್ ಜಾಲತಾಣದ ರಾಜ್ಯಸಭಾ ವಿಭಾಗ. ಪ್ರಶ್ನೆಗಳನ್ನು ಸದಸ್ಯರ ಹೆಸರು ಮತ್ತು ಸಚಿವಾಲಯದ ಮೇಲೆ ಜರಡಿ ಹಿಡಿಯಬಹುದು. ಹಳೆಯ ಚರ್ಚೆಗಳು 1952ರಿಂದಲೂ ಡಿಜಿಟಲ್ ರೂಪದಲ್ಲಿವೆ. ಇಂಗ್ಲಿಷ್ ಕಾಗುಣಿತಗಳಲ್ಲಿ ಬೆಂಗಳೂರಿನ ಹಳೆಯದು, ಹೊಸದು ಎರಡನ್ನೂ ಹಾಕಿ ಹುಡುಕಿ, ಒಂದನ್ನೇ ಹಾಕಿದರೆ ಎಷ್ಟೋ ಉತ್ತರ ತಪ್ಪಿಹೋಗುತ್ತವೆ. ಕನ್ನಡದಲ್ಲಿ ಮಾಡಿದ ಭಾಷಣ ಕಡತದಲ್ಲಿ ಇಂಗ್ಲಿಷ್ ಅನುವಾದವಾಗಿ, ಮೇಲೊಂದು ನಕ್ಷತ್ರ ಚಿಹ್ನೆಯೊಂದಿಗೆ ಇರಬಹುದು. ಮೂಲ ಮಾತು ಬೇಕಾದರೆ ಸಂಸದ್ ಟಿವಿಯ ದಾಖಲೆಯನ್ನೇ ಕೇಳಬೇಕು.

ವಿಜಯನಗರ ವಕೀಲ:

ಮೇಲಿನದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ನೇರ ಮಾತಿನವರ ಭಾಷಣದಲ್ಲಿ ಕಡತದಿಂದ ತೆಗೆದ ಪದಗಳು ಇದ್ದೇ ಇರುತ್ತವೆ. ರಾಜ್ಯಸಭೆಯಲ್ಲಿ ನಿಯಮ 261ರ ಅಡಿ ಸಭಾಪತಿ ಅಸಭ್ಯ, ಮಾನಹಾನಿಕರ, ಅಸಂಸದೀಯ ಅಥವಾ ಘನತೆಗೆ ತಕ್ಕುದಲ್ಲದ ಪದ ತೆಗೆಸಬಹುದು. ಮುದ್ರಿತ ಪ್ರತಿಯಲ್ಲಿ ಆ ಜಾಗದಲ್ಲಿ ನಕ್ಷತ್ರ ಚಿಹ್ನೆಗಳಿದ್ದು, ಅಡಿಯಲ್ಲಿ ಪೀಠದ (ಸಭೆ ನಡೆಸುವವರ) ಆದೇಶದ ಟಿಪ್ಪಣಿ ಇರುತ್ತದೆ. ‘ದಾಖಲಾಗಿಲ್ಲ’ ಎಂಬುದು ಬೇರೆ: ಪೀಠದ ಅನುಮತಿ ಇಲ್ಲದೆ ಆಡಿದ ಮಾತು ಅದು, ಬರೆದುಕೊಂಡೇ ಇರುವುದಿಲ್ಲ.

ವಿಡಿಯೊ ತುಣುಕಿನಲ್ಲಿ ಆ ಮಾತು ಸ್ಪಷ್ಟವಾಗಿ ಕೇಳಿಸುತ್ತದೆಂದು ನಿಮ್ಮ ಟಿಪ್ಪಣಿಗೆ ಇಳಿಸಬೇಡಿ. ತೆಗೆದುಹಾಕಿದ ಭಾಗ ಪ್ರಕಟಿಸುವುದು ಹಕ್ಕುಚ್ಯುತಿ, ಅಂದರೆ ಸದನದ ವಿಶೇಷ ಹಕ್ಕಿನ ಉಲ್ಲಂಘನೆ, ಆಗಬಹುದು. ಬಿಹಾರದ ಸರ್ಚ್‌ಲೈಟ್ ಪತ್ರಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1958ರಲ್ಲಿ ಎತ್ತಿಹಿಡಿದದ್ದು ಇದನ್ನೇ. ಸದಸ್ಯರಿಗೆ ಸಂವಿಧಾನದ 105ನೇ ವಿಧಿಯ ರಕ್ಷಣೆ ಇದೆ, ಸದನದಲ್ಲಿ ಆಡಿದ ಮಾತಿಗೆ ಯಾವ ಕೋರ್ಟೂ ಕೇಳುವಂತಿಲ್ಲ. ನಿಮಗಿರುವುದು 361ಎ ವಿಧಿಯ ರಕ್ಷಣೆ. ಕಲಾಪದ ವರದಿ ಗಣನೀಯವಾಗಿ ನಿಜವಾಗಿದ್ದು, ದುರುದ್ದೇಶ ಇಲ್ಲದಿದ್ದರೆ ಮಾತ್ರ ಅದು ಕಾಯುತ್ತದೆ. ಒಂದು ವಾಕ್ಯ ಕತ್ತರಿಸಿ ಅರ್ಥ ತಿರುಗಿಸಿದರೆ ಕಾಯುವುದಿಲ್ಲ.

ಅದೇ ದಿನ ಹಾಕುವ ತಿದ್ದದ ಪ್ರತಿಯಿಂದ ಉಲ್ಲೇಖ ತೆಗೆಯಬೇಡಿ, ಅಂತಿಮ ಪ್ರತಿ ಬರುವ ತನಕ ಕಾಯಿರಿ.

ಪರಿಷತ್ ಗ್ಯಾಲರಿ:

ಕೆರೆಯ ವಿಚಾರಕ್ಕೆ ರಾಜ್ಯಸಭೆಯನ್ನಷ್ಟೇ ಹುಡುಕಿದರೆ ನಿರಾಸೆಯಾಗುತ್ತದೆ. ಮುಖ್ಯವಾಗಿ ಕೇಂದ್ರಕ್ಕೆ ಸಂಬಂಧಿಸದ ವಿಷಯದ ಪ್ರಶ್ನೆಯನ್ನು ಅಲ್ಲಿ ಒಪ್ಪುವುದಿಲ್ಲ. ಉಪನಗರ ರೈಲು ಸರಿ, ಕೇಂದ್ರ–ರಾಜ್ಯ ಸಮಪಾಲಿನ ಮೆಟ್ರೊ ನಿಗಮವೂ ಸರಿ. ಒಳಚರಂಡಿ, ಕಸ, ರಾಜಕಾಲುವೆ ಒತ್ತುವರಿ, ಪಾಲಿಕೆ ಚುನಾವಣೆ ಇವೆಲ್ಲ ವಿಧಾನಸೌಧದ ಬಾಬ್ತು. ಹಾಗಾಗಿ ನಮ್ಮ ವಿಧಾನ ಪರಿಷತ್ತಿನ 75 ಸದಸ್ಯರಲ್ಲಿ ಯಾರು ಎತ್ತಿದರು ಎಂದೂ ನೋಡಿ. ಪಕ್ಷ ಯಾವುದಾದರೂ ಪದವೀಧರ, ಶಿಕ್ಷಕರ ಕ್ಷೇತ್ರಗಳ 14 ಮಂದಿಯ ಪ್ರಶ್ನೆಗಳನ್ನು ಬಿಡಬೇಡಿ.

ಇಲ್ಲಿನ ಪರಿಭಾಷೆ ಬೇರೆ. ನಿಯಮ 72 ಎಂದರೆ ಗಮನ ಸೆಳೆಯುವ ಸೂಚನೆ, ಅದಕ್ಕೆ ಮಂತ್ರಿಯ ಹೇಳಿಕೆ ಬರುತ್ತದೆ. ನಿಯಮ 330ರ ಅಡಿ ಚರ್ಚೆ. ಬೇರೆ ಕಲಾಪ ಬದಿಗಿಟ್ಟು ಚರ್ಚಿಸಿ ಎಂದು ಕೋರುವ ನಿಯಮ 59ರ ನಿಲುವಳಿ ಸೂಚನೆಗೆ ಗದ್ದಲ ಜಾಸ್ತಿ, ಎಷ್ಟೋ ಸಲ ಬೇರೆ ನಿಯಮಕ್ಕೆ ಬದಲಾಯಿಸಿ ಚರ್ಚೆಗೆ ಕೊಡುತ್ತಾರೆ. ಉತ್ತರದಲ್ಲಿ ‘ಅನುಬಂಧದಲ್ಲಿ ಒದಗಿಸಿದೆ’ ಎಂದಿದ್ದರೆ ಅನುಬಂಧ ಇಳಿಸಿಕೊಳ್ಳದೆ ಮುಂದೆ ಹೋಗಬೇಡಿ. ಕೆರೆಯ ಹೆಸರು, ಸರ್ವೆ ನಂಬರು, ಒತ್ತುವರಿಯ ಎಕರೆ–ಗುಂಟೆ ಇರುವುದು ಅದರಲ್ಲಿ.

ತಾಂತ್ರಿಕ ತೊಂದರೆಯೂ ಇದೆ. ಹಳೆಯ ಕಡತಗಳು ಸ್ಕ್ಯಾನ್ ಮಾಡಿದ ಚಿತ್ರಗಳಾಗಿದ್ದರೆ ಪದ ಹುಡುಕಾಟ ನಡೆಯುವುದಿಲ್ಲ. ಯೂನಿಕೋಡ್ ಅಲ್ಲದ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿದ್ದರೆ ನಕಲು ಮಾಡಿದಾಗ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ, ಪರಿವರ್ತಕದಲ್ಲಿ ಹಾಕಿ ಒತ್ತಕ್ಷರಗಳನ್ನು ಕಣ್ಣಾರೆ ತಾಳೆ ನೋಡಬೇಕು. ಅಂಕಿಗಳನ್ನಂತೂ ಮೂಲದಿಂದಲೇ ಬರೆದುಕೊಳ್ಳಿ.

ಬಸವನಗುಡಿ ಓದುಗ:

ತುಂಬಾ ಉಪಯೋಗವಾಯಿತು. ಅಂಕಿಗಳ ವಿಚಾರ ಉಳಿಯಿತು. ಅಷ್ಟೆಲ್ಲ ಕೇಳಿ ಪಡೆದ ಉತ್ತರದ ಗತಿ ಏನು, ಅದನ್ನು ಯಾರು ಬೆನ್ನು ಹತ್ತುತ್ತಾರೆ?

ಕಡತಪ್ರಿಯ:

ಶಾಸಕಾಂಗದ ಕೆಲಸದ ಅಧ್ಯಯನ ಮಾಡುವ ಪಿಆರ್‌ಎಸ್ ಸಂಸ್ಥೆಯ ಹಾಜರಾತಿ, ಚರ್ಚೆ, ಪ್ರಶ್ನೆ, ಖಾಸಗಿ ಮಸೂದೆಗಳ (ಮಂತ್ರಿಯಲ್ಲದ ಸದಸ್ಯರು ತರುವ ಮಸೂದೆಗಳ) ಲೆಕ್ಕ ವಿಶ್ವಾಸಾರ್ಹ. ಆದರೆ ಅದು ಎಣಿಕೆ, ತೂಕವಲ್ಲ. ಮಂತ್ರಿಗಳು ಸರ್ಕಾರದ ಪರ ಉತ್ತರ ಕೊಡುವವರಾದ್ದರಿಂದ ಅವರನ್ನು ಆ ಪಟ್ಟಿಯಲ್ಲಿ ಹೋಲಿಸಬಾರದು. ಮಸೂದೆ ಚರ್ಚೆಯ ಸಮಯ ಪಕ್ಷದ ಬಲದ ಮೇಲೆ ಹಂಚಿಕೆಯಾಗುವುದರಿಂದ ಸಣ್ಣ ಪಕ್ಷದವರಿಗೆ ಕೆಲವೇ ನಿಮಿಷ ಸಿಗುತ್ತದೆ. ಅವರ ಭಾಷಣ ಚಿಕ್ಕದೆಂದು ಕಡೆಗಣಿಸುವುದು ಅನ್ಯಾಯ.

ಖಾಸಗಿ ಮಸೂದೆ ಪಾಸಾಗಲಿಲ್ಲವೆಂದು ಸೊನ್ನೆ ಅಂಕ ಕೊಡುವುದನ್ನೂ ನಾನು ಒಪ್ಪುವುದಿಲ್ಲ. 1970ರಿಂದ ಈಚೆಗೆ ಒಂದೂ ಕಾಯ್ದೆಯಾಗಿಲ್ಲ, ನಿಜ. ಆದರೆ ತಮಿಳುನಾಡಿನ ತಿರುಚಿ ಶಿವ ಅವರ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಮಸೂದೆಯನ್ನು ರಾಜ್ಯಸಭೆ 2015ರ ಏಪ್ರಿಲ್ 24ರಂದು ಅಂಗೀಕರಿಸಿತು. ಲೋಕಸಭೆಯಲ್ಲಿ ಅದು ಮುಂದೆ ಹೋಗಲಿಲ್ಲ. ಸರ್ಕಾರ 2016ರಲ್ಲಿ ತನ್ನದೇ ಮಸೂದೆ ತಂದು, ಕೊನೆಗೆ 2019ರಲ್ಲಿ ಕಾಯ್ದೆ ಬಂತು. ಆ ಕಾಯ್ದೆ ಶಿವ ಅವರ ಕರಡಿಗಿಂತ ದುರ್ಬಲ ಎಂಬ ಟೀಕೆ ಇದೆ, ಅದೂ ಸಕಾರಣವಾದದ್ದೇ. ಆದರೂ ವಿಷಯವನ್ನು ಸರ್ಕಾರ ಪಕ್ಕಕ್ಕಿಡಲು ಆಗದಂತೆ ಮಾಡಿದ್ದು ಆ ಅಂಗೀಕಾರ.

ಉತ್ತರದ ಗತಿ ನೋಡಲು ಸರ್ಕಾರಿ ಭರವಸೆಗಳ ಸಮಿತಿ ಇದೆ. ‘ಪರಿಶೀಲನೆಯಲ್ಲಿದೆ’, ‘ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು’ ಎಂಬ ಧಾಟಿಯ ಮಾತುಗಳನ್ನು ಅದು ಭರವಸೆ ಎಂದು ಪರಿಗಣಿಸಬಲ್ಲದು. ಈಡೇರಿಸಲು ಸರ್ಕಾರಕ್ಕೆ 3 ತಿಂಗಳು. ಆಗದಿದ್ದರೆ ಅವಧಿ ವಿಸ್ತರಣೆ ಕೇಳಬೇಕು, ಇಲ್ಲವೇ ಕೈಬಿಡಲು ಸಮಿತಿಯ ಒಪ್ಪಿಗೆ ಪಡೆಯಬೇಕು. ವಿಧಾನ ಪರಿಷತ್ತಿನಲ್ಲೂ ಇಂಥದೇ ಸಮಿತಿ ಇದೆ.

ಪ್ರತಿ ಉತ್ತರದ ಮುಂದೆ ನಾಲ್ಕು ಕಾಲಂ ಹಾಕಿ: ದಿನಾಂಕ, ಪ್ರಶ್ನೆ ಸಂಖ್ಯೆ, ಮಂತ್ರಿ ಒಪ್ಪಿಕೊಂಡ ಅಂಕಿ ಅಥವಾ ಗಡುವು, ಈಗಿನ ಸ್ಥಿತಿ. ನಾಲ್ಕನೆಯದು ಸಮಿತಿಯ ವರದಿಯಲ್ಲಿ ಸಿಗದಿದ್ದರೆ ಪ್ರಶ್ನೆ ಸಂಖ್ಯೆ ಮತ್ತು ದಿನಾಂಕ ಉಲ್ಲೇಖಿಸಿ ಸಂಬಂಧಪಟ್ಟ ಸಚಿವಾಲಯಕ್ಕೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ. ‘ಯಾಕೆ ಆಗಲಿಲ್ಲ’ ಎಂದು ಕೇಳಬೇಡಿ, ‘ಈ ಉತ್ತರದ ಮೇಲೆ ಕೈಗೊಂಡ ಕ್ರಮದ ಕಡತದ ಪ್ರತಿ ಕೊಡಿ’ ಎಂದು ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು.