ಗದ್ದೆ ಮಾರಿ ಮಗಳಿಗೆ ಎಂಬಿಬಿಎಸ್ ಓದಿಸಲಾ?

ಪ್ರಶ್ನೆ, ಗಂಗಾವತಿಯಿಂದ:
ಮಗಳಿಗೆ ನೀಟ್‌ನಲ್ಲಿ ಸರ್ಕಾರಿ ಸೀಟು ಸಿಗುವಷ್ಟು ರ್‍ಯಾಂಕ್ ಬಂದಿಲ್ಲ. ಖಾಸಗಿ ಕಾಲೇಜು ಅಂದರೆ ಕಾಲುವೆ ಕೆಳಗಿನ ಗದ್ದೆ ಮಾರಬೇಕು. "ಈಗ ಡಾಕ್ಟರೇ ಜಾಸ್ತಿ, ದುಡಿಮೆ ಇಲ್ಲ" ಅಂತ ನೆಂಟರು ಹೆದರಿಸುತ್ತಿದ್ದಾರೆ. ಅನುಭವ ಇದ್ದವರು ಹೇಳಿ.

ರಾಯಚೂರಿನಿಂದ:
ಅಕ್ಕ, ನಾನು ಖಾಸಗಿ ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್. ನೆಂಟರ ಮಾತು ಅರ್ಧ ನಿಜ. ನಮ್ಮ ಕಡೆ ಬಹಳ ವರ್ಷ ಮೆಡಿಕಲ್ ಕಾಲೇಜು ಅಂದರೆ 1961ರ ಬಳ್ಳಾರಿ ಕಾಲೇಜು. ಆಮೇಲೆ ರಾಯಚೂರಿನಲ್ಲಿ ರಿಮ್ಸ್ ಅನ್ನೋ ಸರ್ಕಾರಿ ಮೆಡಿಕಲ್ ಕಾಲೇಜು ಬಂತು, 2015ರಲ್ಲಿ ಕೊಪ್ಪಳದಲ್ಲೂ ಶುರುವಾಯಿತು. ದೇಶದಲ್ಲಿ 2014ರ ಹೊತ್ತಿಗೆ 51 ಸಾವಿರದಷ್ಟಿದ್ದ ಎಂಬಿಬಿಎಸ್ ಸೀಟು ಈಗ ಲಕ್ಷ ದಾಟಿದೆ. ಪಿಜಿ, ಅಂದರೆ ಎಂಬಿಬಿಎಸ್ ಆದಮೇಲೆ ಸ್ಪೆಷಲಿಸ್ಟ್ ಆಗಲು ಓದುವ ಸೀಟು, ಅದಕ್ಕಿಂತ ಕಡಿಮೆ. ಪಿಜಿ ಸಿಗದೆ ಕಾಯುವವರೇ ನಮ್ಮಂಥ ಆಸ್ಪತ್ರೆಗೆ ನೈಟ್ ಡ್ಯೂಟಿಗೆ ಬರುತ್ತಾರೆ. ಸಂಬಳ ಸ್ವಲ್ಪ ಏರಿಸಿ ಅಂತ ಕೇಳಿದ್ದೆ. ಮ್ಯಾನೇಜರ್ ಮೇಜಿನ ಡ್ರಾಯರ್ ಎಳೆದು ಬಯೋಡೇಟಾಗಳ ಕಟ್ಟು ತೋರಿಸಿದರು. ಮಾತೇ ಆಡಲಿಲ್ಲ.

ಬಳ್ಳಾರಿಯಿಂದ:
ನನ್ನದು ಮೆಡಿಕಲ್ ಶಾಪ್. ನಮ್ಮ ರಸ್ತೆಯಲ್ಲಿ ಎರಡು ಕ್ಲಿನಿಕ್ ಇದ್ದವು, ಈಗ ಏಳು. ಅಂಗಡಿ ಜಾಸ್ತಿಯಾದರೆ ರೇಟು ಇಳಿಯುತ್ತೆ, ಅಲ್ವಾ? ಇಲ್ಲಿ ಇಳಿಯಲಿಲ್ಲ. ಏನು ಬೇಕು ಅಂತ ತೀರ್ಮಾನಿಸುವುದು ಕೊಳ್ಳುವವರಲ್ಲ, ಬರೆದುಕೊಡುವ ಡಾಕ್ಟರು. ರೋಗಿಗಳು ಹಂಚಿಹೋದಷ್ಟೂ ಕೆಲವರ ಚೀಟಿ ಉದ್ದವಾಯಿತು. ಎಲ್ಲರೂ ಹಾಗಿಲ್ಲ, ಆದರೆ ಬಾಡಿಗೆ, ಸಾಲದ ಕಂತು ಯಾರನ್ನೂ ಬಿಡುವುದಿಲ್ಲ. ಮೊನ್ನೆ ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ ದುಡ್ಡು ಎಣಿಸಿದರು. ಚೀಟಿ ನನ್ನ ಮುಂದೆ ಇಟ್ಟು, "ಇದರಾಗ ಬೇಕೇಬೇಕಾದ್ದು ಯಾವುದಪ್ಪಾ?" ಅಂದರು. ಅದಕ್ಕೆ ಉತ್ತರ ಹೇಳುವುದು ನನ್ನ ಕೆಲಸವಲ್ಲ. ಆ ದಿನವೆಲ್ಲ ಮನಸ್ಸು ಸರಿಯಿರಲಿಲ್ಲ.

ಕುಷ್ಟಗಿ ಕಡೆಯಿಂದ:
ನಾನು ಹಳ್ಳಿಯಲ್ಲಿ ಕ್ಲಿನಿಕ್ ಇಟ್ಟು ಆರು ವರ್ಷ. ಸುತ್ತಲಿನ ಊರುಗಳಿಗೆ ಎಂಬಿಬಿಎಸ್ ಓದಿದವಳು ನಾನೊಬ್ಬಳೇ. ಡಾಕ್ಟರು ಜಾಸ್ತಿ ಅಂದರೆ ಇಲ್ಲಿನ ಜನ ನಂಬುವುದೇ ಇಲ್ಲ. ಸಿಟಿಯ ಒಂದೇ ರಸ್ತೆಯಲ್ಲಿ ಎಲ್ಲರೂ ಬೋರ್ಡು ಹಾಕಿದರೆ ಜಾಸ್ತಿ ಕಾಣದೆ ಇನ್ನೇನು? ನನ್ನ ಫೀಸು 50 ರೂಪಾಯಿ. ಕೆಲವರು ಸುಗ್ಗಿ ಆದಮೇಲೆ ಕೊಡುತ್ತಾರೆ. ನನ್ನದು ಸರ್ಕಾರಿ ಸೀಟು, ಸಾಲ ಇರಲಿಲ್ಲ. ಅದಕ್ಕೇ ಇಲ್ಲಿ ಕೂರಲು ಆಯಿತು. ಗದ್ದೆ ಮಾರಿ ಓದಿದ್ದರೆ ನಾನೂ ಬಳ್ಳಾರಿಯಲ್ಲಿ ಎಂಟನೇ ಬೋರ್ಡು ಹಾಕಬೇಕಾಗುತ್ತಿತ್ತು.

ಗದ್ದೆ ಮಾರಬೇಡಿ ಅಕ್ಕ. ಇನ್ನೊಂದು ವರ್ಷ ನೀಟ್ ಕಟ್ಟಲಿ. ಸಂವಿಧಾನದ 371ಜೆ ವಿಧಿಯ ಪ್ರಮಾಣಪತ್ರ ಮಾಡಿಸಿದ್ದೀರಾ? ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಅದರಲ್ಲಿ ಸೀಟು ಮೀಸಲಿವೆ. ಇಲ್ಲದಿದ್ದರೆ ಈ ವಾರವೇ ಅರ್ಜಿ ಹಾಕಿ.