ಸರ್ಪಗಂಧದ ಪುಡಿ ಕುಡಿದ ಮೇಲೆ ಅತ್ತೆ ಮಂಕಾಗಿದ್ದಾರೆ, ಏನು ಮಾಡಲಿ?

ಪ್ರಶ್ನೆ (ಗಿರಿನಗರ, ಬೆಂಗಳೂರು):
ಮೇಡಂ, ನಮ್ಮ ಅತ್ತೆಗೆ 68 ವರ್ಷ. ಬಿಪಿಗೆ ಅಟೆನೊಲಾಲ್ ಮಾತ್ರೆ ಇದೆ. ಯಾರದೋ ಮಾತು ಕೇಳಿ ಗ್ರಂಧಿಗೆ ಅಂಗಡಿಯಿಂದ ಸರ್ಪಗಂಧದ ಬೇರಿನ ಪುಡಿ ತರಿಸಿದ್ದಾರೆ. ದಿನಾ ರಾತ್ರಿ ಹಾಲಿಗೆ ಹಾಕಿಕೊಂಡು ಕುಡಿಯುತ್ತಾರೆ. ಬಿಪಿ ಇಳಿದಿದೆ. ಆದರೆ ಸದಾ ಮೂಗು ಕಟ್ಟಿರುತ್ತೆ, ಮಾತು ಕಡಿಮೆಯಾಗಿದೆ, ಧಾರಾವಾಹಿ ಹಾಕಿದರೂ ಎದ್ದು ಹೋಗುತ್ತಾರೆ. ಕೇಳಿದರೆ "ಇದು ಡಾಕ್ಟರೇ ರೋಗಿಗಳ ಮೇಲೆ ಪರೀಕ್ಷೆ ಮಾಡಿ ಲೇಖನ ಬರೆದಿರೋ ಔಷಧಿ" ಅಂತಾರೆ. ಹೌದಾ?

ಉತ್ತರ (ಫಾರ್ಮಕಾಲಜಿ, ಅಂದರೆ ಔಷಧಶಾಸ್ತ್ರದ ಅಧ್ಯಾಪಕಿ):
ಹೌದು, ಅತ್ತೆ ಹೇಳಿದ್ದು ನಿಜ. ಮುಂಬೈನ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ಈ ಬೇರನ್ನು 50 ಬಿಪಿ ರೋಗಿಗಳಿಗೆ ಕೊಟ್ಟು ನೋಡಿ, 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದರು. ಪಾಶ್ಚಾತ್ಯ ವೈದ್ಯರು ಇದರ ಕಡೆ ತಿರುಗಿದ್ದು ಆಮೇಲೆಯೇ. ನನಗೆ ತುಂಬಾ ಹೆಮ್ಮೆಯ ಲೇಖನ ಅದು. ಆದರೆ 1931ರಲ್ಲೇ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಇದೇ ಬೇರಿನ ಬಗ್ಗೆ ಬರೆದಿದ್ದರು. ಅದರಲ್ಲಿ ಬಿಪಿ ಜೊತೆ ಮಾನಸಿಕ ಕಾಯಿಲೆಗೂ ಇದು ಔಷಧಿ ಎಂದಿತ್ತು, ಅಂದರೆ ಈ ಬೇರು ಮನಸ್ಸಿನ ಮೇಲೂ ಕೆಲಸ ಮಾಡುತ್ತದೆ. ನಿಮ್ಮ ಅತ್ತೆಯ ವಿಷಯಕ್ಕೆ ಬೇಕಾಗಿರುವುದು ಇದೇ.

ಬೇರಿನಲ್ಲಿರುವ ಮುಖ್ಯ ವಸ್ತು ರೆಸರ್ಪಿನ್. ನರದ ತುದಿಯಲ್ಲಿ ಪುಟ್ಟ ಚೀಲಗಳಿರುತ್ತವೆ, ಅದರೊಳಗೆ ನರದ ಸೂಚನೆ ಒಯ್ಯುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ತುಂಬಿರುತ್ತದೆ. ರೆಸರ್ಪಿನ್ ಆ ಚೀಲ ತುಂಬಲು ಬಿಡುವುದಿಲ್ಲ. ರಕ್ತನಾಳಕ್ಕೆ ಬಿಗಿಯಾಗು ಎನ್ನುವ ಸೂಚನೆ ಹೋಗುವುದಿಲ್ಲ, ಬಿಪಿ ಇಳಿಯುತ್ತದೆ. ಮೂಗಿನ ರಕ್ತನಾಳವೂ ಸಡಿಲವಾಗಿ ಊದಿಕೊಳ್ಳುವುದರಿಂದಲೇ ಮೂಗು ಕಟ್ಟುವುದು. ಇದೇ ಕೆಲಸ ಮಿದುಳಿನಲ್ಲೂ ನಡೆಯುತ್ತದೆ. ಅಲ್ಲಿ ಓಡಾಟಕ್ಕೆ, ಮನಸ್ಸಿನ ಸ್ಥಿತಿಗೆ ಬೇಕಾದ ಡೋಪಮಿನ್, ಸೆರೊಟೋನಿನ್ ಕೂಡ ಬರಿದಾಗುತ್ತವೆ. ಸ್ವೀಡನ್ನಿನ ವಿಜ್ಞಾನಿ ಅರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರೆಸರ್ಪಿನ್ ಕೊಟ್ಟಾಗ ಅವು ಕಿವಿ ಜೋಲುಬಿಟ್ಟು ಕೂತಲ್ಲೇ ಕೂತವು. ದೇಹದಲ್ಲಿ ಡೋಪಮಿನ್ ಆಗಿ ಬದಲಾಗುವ ಎಲ್-ಡೋಪಾ ಚುಚ್ಚಿದ ಸ್ವಲ್ಪ ಹೊತ್ತಿಗೆ ಎದ್ದು ಓಡಾಡಿದವು. 1957ರಲ್ಲಿ ಪ್ರಕಟವಾದ ಈ ಕೆಲಸವೇ ಮುಂದೆ ಕೈಕಾಲು ನಡುಗಿ ಬಿಗಿಯಾಗುವ ಪಾರ್ಕಿನ್ಸನ್ ಕಾಯಿಲೆಯ ಚಿಕಿತ್ಸೆಗೆ ದಾರಿ ಮಾಡಿತು. 2000ದಲ್ಲಿ ಅವರಿಗೆ ನೊಬೆಲ್ ಬಂತು.

ಹಾಗಾಗಿ ಅತ್ತೆಯ ಮಂಕನ್ನು ಸುಮ್ನೆ ವಯಸ್ಸಿನ ಮೇಲೆ ಹಾಕಬೇಡಿ. ಅಟೆನೊಲಾಲ್ ನಾಡಿಬಡಿತ ಇಳಿಸುತ್ತದೆ, ಪುಡಿಯೂ ಇಳಿಸುತ್ತದೆ. ಎರಡೂ ಸೇರಿದರೆ ಜಾಸ್ತಿ ಅಪಾಯ. ಪುಡಿ ಇವತ್ತೇ ನಿಲ್ಲಲಿ. ಅಟೆನೊಲಾಲ್ ಮಾತ್ರ ನೀವಾಗಿ ನಿಲ್ಲಿಸಬೇಡಿ, ಥಟ್ಟನೆ ಬಿಟ್ಟರೆ ಹೃದಯಕ್ಕೆ ತೊಂದರೆ. ಪುಡಿಯ ಪೊಟ್ಟಣ ಸಮೇತ ನಾಳೆಯೇ ಡಾಕ್ಟರ ಹತ್ತಿರ ಹೋಗಿ. ತಲೆಸುತ್ತಿ ಬಿದ್ದರೆ ನಾಳೆವರೆಗೂ ಕಾಯಬೇಡಿ. ಬದುಕು ಬೇಡ ಎನ್ನುವ ಮಾತು ಬಂದರೆ ಅವರನ್ನು ಒಬ್ಬರೇ ಬಿಡದೆ, ಆಗಲೇ ನಿಮ್ಹಾನ್ಸ್‌ನ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ, ರಾತ್ರಿಯಾದರೂ ಸರಿ.

ಇನ್ನೊಬ್ಬ ಸದಸ್ಯರು:
ಹಾಗಾದರೆ ರೆಸರ್ಪಿನ್ ಕೆಟ್ಟ ಔಷಧಿನಾ ಮೇಡಂ?

ಉತ್ತರ:
ಖಂಡಿತ ಅಲ್ಲ ಸರ್. ಬಿಪಿ ಇಳಿಸಿದರೆ ಲಕ್ವ ಹೊಡೆಯುವುದು ತಪ್ಪುತ್ತದೆ ಎಂದು ಅಮೆರಿಕದ ಮಾಜಿ ಸೈನಿಕರ ಮೇಲಿನ 1967ರ ಅಧ್ಯಯನ ತೋರಿಸಿತಲ್ಲ, ಅದರಲ್ಲಿ ಕೊಟ್ಟ ಮೂರು ಔಷಧಿಗಳಲ್ಲಿ ರೆಸರ್ಪಿನ್ ಒಂದು. ಮಾತ್ರೆಯಲ್ಲಿ ಅದು ದಿನಕ್ಕೆ ಒಂದು ಮಿಲಿಗ್ರಾಂನ ಕಾಲು ಭಾಗದಷ್ಟೋ, ಇನ್ನೂ ಕಡಿಮೆಯೋ ಸಾಕು. ಚಮಚದಲ್ಲಿ ಅಳೆದ ಬೇರಿನ ಪುಡಿಯಲ್ಲಿ ಎಷ್ಟಿದೆ ಅಂತ ಅಂಗಡಿಯವರಿಗೂ ಗೊತ್ತಿರಲ್ಲ, ಅತ್ತೆಗೂ ಗೊತ್ತಿರಲ್ಲ.

ಪ್ರಶ್ನೆ ಕೇಳಿದವರಿಗೆ ಇನ್ನೊಂದು ಮಾತು. ಚೀಲಗಳು ಮತ್ತೆ ತುಂಬಲು ಸಮಯ ಬೇಕು. ಪುಡಿ ನಿಲ್ಲಿಸಿದ ಮೇಲೂ ಕೆಲವು ವಾರ ಮಂಕು ಉಳಿಯಬಹುದು, ಅಲ್ಲಿವರೆಗೆ ಬಿಪಿ, ನಾಡಿ ನೋಡಿಸುತ್ತಿರಿ.