ಗಂಡ ಹೆಂಡತಿ ಇಬ್ಬರೇ ಇರುವವರಿಗೆ 25 ವರ್ಷದ ಹಾಲಿಡೇ ಮೆಂಬರ್‌ಶಿಪ್ ಬೇಕಾ? ತಗೊಂಡವರು ಹೇಳಿ

ರಾಜಾಜಿನಗರ, ಬೆಂಗಳೂರು:
ನಮಸ್ಕಾರ. ನಾನು ಬ್ಯಾಂಕಿನಲ್ಲಿದ್ದೇನೆ, ಹೆಂಡತಿ ಕಾಲೇಜಿನಲ್ಲಿ ಲೆಕ್ಚರರ್. ನಮಗೆ ಮಕ್ಕಳಿಲ್ಲ, ಬೇಡ ಅಂತ ಇಬ್ಬರೂ ತೀರ್ಮಾನಿಸಿದ್ದೇವೆ. ಮಾಲ್‌ನಲ್ಲಿ ಒಂದು ಕೂಪನ್ ತುಂಬಿದ್ದಕ್ಕೆ ಹೋದ ವಾರ ಒಂದು ರೆಸಾರ್ಟ್ ಕಂಪನಿಯವರು ಕರೆದು ಮೂರು ಗಂಟೆ ಕೂರಿಸಿಕೊಂಡರು. ಒಮ್ಮೆ ದುಡ್ಡು ಕಟ್ಟಿದರೆ ಪ್ರತಿ ವರ್ಷ ಅವರ ರೆಸಾರ್ಟ್‌ಗಳಲ್ಲಿ ಉಳಿಯಬಹುದಂತೆ. 25 ವರ್ಷ, ವರ್ಷಕ್ಕೆ 7 ರಾತ್ರಿ, ಸ್ಟುಡಿಯೋ ರೂಮು (ಒಂದೇ ಕೋಣೆ), ರೆಡ್ ಸೀಸನ್ (ಬೇಡಿಕೆ ಜಾಸ್ತಿ ಇರುವ ರಜೆಯ ದಿನಗಳು). ಬೆಲೆ 4,40,000. ವರ್ಷದ ಶುಲ್ಕ 19,500, ಅದರ ಮೇಲೆ ಜಿಎಸ್‌ಟಿ. ಭಾನುವಾರದೊಳಗೆ ಮುಂಗಡ ಕಟ್ಟಿದರೆ 40,000 ಬಿಡುತ್ತಾರಂತೆ. ಇಬ್ಬರೇ ಇರುವವರಿಗೆ ಇದು ಸರಿ ಹೋಗುತ್ತಾ?

ಕುವೆಂಪುನಗರ, ಮೈಸೂರು:
ಕಟ್ಟಬೇಡಿ. ನಮಗೂ ಭಾನುವಾರದ ಗಡುವನ್ನೇ ಕೊಟ್ಟಿದ್ದರು. ಬುಧವಾರ ಅದೇ ರಿಯಾಯಿತಿ ನಮ್ಮ ಪಕ್ಕದ ಮನೆಯವರಿಗೂ ಸಿಕ್ಕಿತು.

ನಮ್ಮದು 2014ರದ್ದು. 2,85,000ಕ್ಕೆ ತಗೊಂಡೆವು. ಶೇ 15 ಮುಂಗಡ, ಉಳಿದದ್ದು 48 ಕಂತು. ಬಡ್ಡಿ ಎಲ್ಲಾ ಸೇರಿ ಕೈಯಿಂದ ಹೋದದ್ದು 3,52,000. ವರ್ಷದ ಶುಲ್ಕ ಆಗ 10,800. ಈ ವರ್ಷದ ಬಿಲ್ಲು 22,300, ಟ್ಯಾಕ್ಸ್ ಬೇರೆ. ಟ್ಯಾಕ್ಸ್ ಕೂಡ ನಿಂತಲ್ಲಿ ನಿಲ್ಲಲಿಲ್ಲ. ಸರ್ವಿಸ್ ಟ್ಯಾಕ್ಸ್ ಶೇ 15ಕ್ಕೆ ಬಂದಿತ್ತು, 2017ರ ಜುಲೈಯಲ್ಲಿ ಜಿಎಸ್‌ಟಿ ಬಂದು 18 ಆಯಿತು. 2020ರಲ್ಲಿ ಲಾಕ್‌ಡೌನ್, ರೆಸಾರ್ಟೇ ಬಾಗಿಲು ಹಾಕಿತ್ತು. ಆ ವರ್ಷದ ಬಿಲ್ಲೂ ಬಂತು. ಫೋನ್ ಮಾಡಿ ಜಗಳ ಆಡಿದೆ. ರಾತ್ರಿಗಳನ್ನು ಮುಂದಿನ ವರ್ಷಕ್ಕೆ ಹಾಕಿಕೊಡುತ್ತೇವೆ ಅಂದರು. ಮುಂದಿನ ವರ್ಷ ಎಲ್ಲರ ರಾತ್ರಿಗಳೂ ಹಾಗೇ ಬಂದು ನಿಂತಿದ್ದವು. ರೂಮು ಎಲ್ಲಿಂದ ಸಿಗಬೇಕು?

ಇನ್ನು ಆ ಸ್ಟುಡಿಯೋ. ಅಲ್ಲೇ ಅಡುಗೆ ಮಾಡಿಕೊಳ್ಳಬಹುದು ಅಂತ ಕೌಂಟರಿನಲ್ಲಿ ಹೇಳಿದ್ದರು. ನನ್ನ ಹೆಂಡತಿಗೆ ಶುಗರ್ ಇದೆ, ಹೊರಗಿನ ಊಟ ಒಗ್ಗಲ್ಲ. ಆ ಮಾತು ನಂಬಿಯೇ ಸಹಿ ಹಾಕಿದ್ದು. ಹೋಗಿ ನೋಡಿದರೆ ಒಂದು ಸಿಂಕು, ಪುಟ್ಟ ಫ್ರಿಜ್, ಎರಡು ಕಪ್ಪು. ಇಂಡಕ್ಷನ್ ಒಲೆ ಕೇಳಿದರೆ ದಿನಕ್ಕೆ 300 ಬಾಡಿಗೆ, ಪಾತ್ರೆಗೆ 200. ತಂದುಕೊಟ್ಟ ಪಾತ್ರೆಯ ತಳ ಉಬ್ಬಿಹೋಗಿತ್ತು. ಇಟ್ಟರೆ ಒಲೆ ಬಿಸಿಯಾಗದೆ ಬೀಪ್ ಬೀಪ್ ಅಂತ ಕೂಗುತ್ತಿತ್ತು. ಬೇರೆ ಪಾತ್ರೆ ಬರುವಷ್ಟರಲ್ಲಿ ಹತ್ತು ಗಂಟೆ. ಅವಳು ಮಾತ್ರೆ ತಗೊಂಡು ಬಿಸ್ಕೆಟ್ ತಿಂದು ಮಲಗಿದಳು. ಕೆಳಗೆ ಬಫೆ ಒಬ್ಬರಿಗೆ 1,150.

ಕದ್ರಿ, ಮಂಗಳೂರು:
ಎಲ್ಲರಿಗೂ ಹೀಗೇ ಆಗಿದೆ ಅಂತ ಬರೆಯಬೇಡಿ. ನಮಗೂ ಮಕ್ಕಳಿಲ್ಲ. ನಾವು 2016ರಲ್ಲಿ ತಗೊಂಡೆವು, ಇವತ್ತಿಗೂ ಖುಷಿಯಾಗಿದ್ದೇವೆ. ಆದರೆ ರೆಡ್ ತಗೊಳ್ಳಲಿಲ್ಲ. ಸೇಲ್ಸ್ ಹುಡುಗ ರೆಡ್ ರೆಡ್ ಅಂತ ಹಿಂದೆ ಬಿದ್ದಿದ್ದ. ರೆಡ್ ಯಾರಿಗೆ ಬೇಕು? ಏಪ್ರಿಲ್, ಮೇ, ದಸರಾ, ಕ್ರಿಸ್‌ಮಸ್‌ಗೆ ಶಾಲೆ ರಜೆ ನೋಡಿಕೊಂಡು ಹೊರಡುವವರಿಗೆ. ನಾವು ಯಾಕೆ ಅದಕ್ಕೆ ದುಡ್ಡು ಕೊಡಬೇಕು? ಬ್ಲೂ (ಬೇಡಿಕೆ ಕಡಿಮೆ ಇರುವ ದಿನಗಳದ್ದು) ಕೊಡ್ತೀಯಾ ಇಲ್ಲ ಎದ್ದು ಹೋಗಲಾ ಅಂತ ಕೇಳಿದೆ. 1,95,000ಕ್ಕೆ ಕೊಟ್ಟ. ಪೂರ್ತಿ ಒಂದೇ ಚೆಕ್ಕು, ಕಂತು ಇಲ್ಲ.

ಜುಲೈಯಲ್ಲಿ ಕೊಡಗಿಗೆ ಹೋಗುತ್ತೇವೆ. ಮಂಗಳೂರಿನವರಿಗೆ ಮಳೆ ಏನು ಹೊಸದಾ? ಮಂಗಳವಾರ ಹೋಗಿ ಶುಕ್ರವಾರ ಹೊರಡುತ್ತೇವೆ. ಅರ್ಧ ರೆಸಾರ್ಟ್ ಖಾಲಿ ಇರುತ್ತದೆ. ಎಷ್ಟೋ ಸಲ ಅವರೇ ದೊಡ್ಡ ರೂಮು ಕೊಟ್ಟಿದ್ದಾರೆ. ಜೂನ್‌ನಲ್ಲಿ ಗೋವಾ, ಆಗಸ್ಟ್‌ನಲ್ಲಿ ಮುನ್ನಾರ್. ಇಂಬಳ ಹತ್ತುತ್ತವೆ, ಹೌದು, ಉಪ್ಪಿನ ಪೊಟ್ಟಣ ಇಟ್ಟುಕೊಳ್ಳಿ. ನನ್ನ ಗಂಡ ಮೊದಲೆಲ್ಲ ರಜೆ ಹಾಕುವವರೇ ಅಲ್ಲ. ರಾತ್ರಿಗಳು ಸುಮ್ನೆ ಹಾಳಾಗುತ್ತವೆ ಅಂತ ಈಗ ಅವರೇ ರಜೆ ಬರೆದು ಕೊಡುತ್ತಾರೆ. ನನಗೆ ಅದಕ್ಕಿಂತ ದೊಡ್ಡ ಲಾಭ ಬೇಕಿಲ್ಲ.

ಸಪ್ತಾಪುರ, ಧಾರವಾಡ:
ನಾನು ನಿವೃತ್ತ ಬ್ಯಾಂಕ್ ಮ್ಯಾನೇಜರ್. ಲೆಕ್ಕ ಹಾಕೋಣ. 4,40,000ವನ್ನು ಶೇ 7ಕ್ಕೆ ಎಫ್‌ಡಿ ಇಟ್ಟರೆ ವರ್ಷಕ್ಕೆ 30,800 ಬಡ್ಡಿ. ನಿಮ್ಮ ವರ್ಷದ ಶುಲ್ಕ ಜಿಎಸ್‌ಟಿ ಸೇರಿ 23,010. ಎರಡೂ ಕೂಡಿ 53,810. ಏಳರಿಂದ ಭಾಗಿಸಿ. ಒಂದು ರಾತ್ರಿಗೆ 7,687 ರೂಪಾಯಿ, ಊಟ ಬಿಟ್ಟು. ಅದೂ ಏಳಕ್ಕೆ ಏಳೂ ರಾತ್ರಿ ಬಳಸಿದರೆ. ಐದೇ ಬಳಸಿದರೆ 10,762.

ಇನ್ನೊಂದು ವಿಷಯ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500ರವರೆಗಿನ ಹೋಟೆಲ್ ರೂಮಿಗೆ ಜಿಎಸ್‌ಟಿ ಶೇ 5 ಮಾತ್ರ. ನಿಮ್ಮ ಮೆಂಬರ್‌ಶಿಪ್ ಶುಲ್ಕಕ್ಕೆ ಈಗಲೂ 18. ನಿಮ್ಮದೇ ರೂಮು ಅಂತ ಮಾರಿ, ಹೋಟೆಲಿಗೆ ಬಂದ ಹೊಸಬನಿಗಿಂತ ಜಾಸ್ತಿ ತೆರಿಗೆ ಕಟ್ಟಿಸುತ್ತಾರೆ. ನಾನು ತಗೊಳ್ಳಲಿಲ್ಲ. ಆ ದುಡ್ಡು ಇನ್ನೂ ನನ್ನ ಹೆಸರಿನಲ್ಲೇ ಇದೆ.

ಕದ್ರಿ, ಮಂಗಳೂರು:
ಸರ್, ಎಫ್‌ಡಿ ಬಡ್ಡಿಗೆ ಇನ್‌ಕಮ್ ಟ್ಯಾಕ್ಸ್ ಇಲ್ವಾ? ಶೇ 30ರ ಸ್ಲ್ಯಾಬ್‌ನಲ್ಲಿ ಇರುವವರಿಗೆ ಕೈಗೆ ಎಷ್ಟು ಉಳಿಯುತ್ತದೆ? 25 ವರ್ಷದಲ್ಲಿ ರೂಮಿನ ಬಾಡಿಗೆ ಏರಲ್ವಾ? ನೀವು ಇವತ್ತಿನ ಬಾಡಿಗೆ ಹಿಡಿದುಕೊಂಡು 2050ರ ಲೆಕ್ಕ ಹೇಳುತ್ತಿದ್ದೀರಿ.

ಸಪ್ತಾಪುರ, ಧಾರವಾಡ:
ಬಾಡಿಗೆ ಏರುತ್ತದೆ, ಒಪ್ಪಿದೆ. ಶುಲ್ಕ ಏರಲ್ವಾ? ಮೇಲೆ ಮೈಸೂರಿನವರು ಬರೆದಿದ್ದಾರೆ, 10,800 ಇದ್ದದ್ದು 22,300 ಆಗಿದೆ ಅಂತ. ಓದಿ ಉತ್ತರ ಕೊಡಿ. ಬಾಡಿಗೆ ಏರಿದ ವರ್ಷ ನಾನು ಮನೆಯಲ್ಲೇ ಇರಬಹುದು. ನೀವು ಮನೆಯಲ್ಲಿದ್ದರೂ ಶುಲ್ಕ ಕಟ್ಟಲೇಬೇಕು. ಟ್ಯಾಕ್ಸ್ ಕಳೆದ ಮೇಲೂ ಅಸಲು ನನ್ನದೇ. 25 ವರ್ಷ ಮುಗಿದ ದಿನ ನಿಮ್ಮ ಕೈಯಲ್ಲಿ ಏನು ಉಳಿಯುತ್ತದೆ?

ಕದ್ರಿ, ಮಂಗಳೂರು:
25 ವರ್ಷ ಸುತ್ತಾಡಿದ್ದು ಉಳಿಯುತ್ತದೆ. ನೀವು ಪಾಸ್‌ಬುಕ್ ಇಟ್ಟುಕೊಳ್ಳಿ.

ವಿದ್ಯಾನಗರ, ದಾವಣಗೆರೆ:
ನಮ್ಮದು ಟೂ ಬೆಡ್‌ರೂಮ್ ಮೆಂಬರ್‌ಶಿಪ್. ತಗೊಂಡಾಗ ನಾವೂ ಇಬ್ಬರೇ ಇದ್ದೆವು. ಎಂಟು ವರ್ಷ ಆದ ಮೇಲೆ ಮಗಳು, ಆಮೇಲೆ ಮಗ. ಈಗ ಅಪ್ಪ ಅಮ್ಮನೂ ಬರುತ್ತಾರೆ. ಆರು ಜನಕ್ಕೆ ಹೊರಗೆ ಮೂರು ರೂಮು ಹಿಡಿಯಬೇಕಿತ್ತು. ಆಗ ತಗೊಂಡದ್ದಕ್ಕೆ ಈಗ ಬೆಲೆ ಗೊತ್ತಾಗುತ್ತಿದೆ. ನಿಮಗೂ ಮುಂದೆ ಮನಸ್ಸು ಬದಲಾಗಬಹುದು. ಮಕ್ಕಳಾದ ಮೇಲೆ ತಗೊಳ್ಳೋಣ ಅಂದರೆ ಇದೇ ಎಂಟು ಲಕ್ಷ ಆಗಿರುತ್ತದೆ.

ಗೋಪಾಲಗೌಡ ಬಡಾವಣೆ, ಶಿವಮೊಗ್ಗ:
ರಾಜಾಜಿನಗರದವರು ಮೊದಲಲ್ಲೇ ಬರೆದಿದ್ದಾರೆ, ಮಕ್ಕಳು ಬೇಡ ಅಂತ ತೀರ್ಮಾನಿಸಿದ್ದೇವೆ ಅಂತ. ರೂಮಿನ ವಿಷಯ ಕೇಳಿದರೆ ಸಂಸಾರದ ವಿಷಯ ಯಾಕೆ ಹೇಳುತ್ತೀರಿ? ಸೇಲ್ಸ್‌ನವರೂ ಇದನ್ನೇ ಮಾಡುವುದು. ನಮ್ಮಿಬ್ಬರನ್ನೂ ಕೂರಿಸಿಕೊಂಡು, "ಈಗ ಬೇಡ ಅಂತೀರಿ ಮೇಡಂ, ನಾಳೆ ಪಾಪು ಬಂದರೆ?" ಅಂದ. ಅದಕ್ಕೆ ಸ್ಟುಡಿಯೋ ಬಿಟ್ಟು ಒನ್ ಬೆಡ್‌ರೂಮ್ ತಗೊಳ್ಳಿ ಅಂದ. ನನಗೆ ಎರಡು ಸಲ ಗರ್ಭಪಾತ ಆಗಿತ್ತು. ಅಲ್ಲಿ ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನನಗೆ ಅಳು ಬಂತು. ನನ್ನ ಗಂಡ ಬೇಗ ಎದ್ದು ಹೋಗೋಣ ಅಂತ ಕಾರ್ಡು ಕೊಟ್ಟುಬಿಟ್ಟರು. ಒನ್ ಬೆಡ್‌ರೂಮಿಗೆ 1,30,000 ಜಾಸ್ತಿ.

ಆ ಹೊರಗಿನ ಹಾಲ್‌ನಲ್ಲಿ ಒಂದು ಸೋಫಾ ಬೆಡ್ ಇರುತ್ತದೆ, ಇಬ್ಬರಿಗೆ. ಇವತ್ತಿನವರೆಗೆ ಯಾರೂ ಬಿಚ್ಚಿಲ್ಲ. ವರ್ಷದ ಶುಲ್ಕದಲ್ಲಿ ಆ ಹಾಲ್‌ನದೂ ಸೇರಿದೆ. ನಾಮಿನಿ ಕಾಲಂನಲ್ಲಿ ನನ್ನ ತಂಗಿಯ ಮಗನ ಹೆಸರು ಬರೆದೆ. ಅವನು ಈಗ ಕೆನಡಾದಲ್ಲಿದ್ದಾನೆ. ಈ ಶುಲ್ಕ ನನಗೆ ಬೇಡ ದೊಡ್ಡಮ್ಮ ಅಂದ.

ವಿದ್ಯಾನಗರ, ದಾವಣಗೆರೆ:
ನನಗೆ ಗೊತ್ತಿರಲಿಲ್ಲ ಮೇಡಂ. ನನ್ನ ಅನುಭವ ಹೇಳಿದೆ ಅಷ್ಟೇ. ಆದರೂ ಎಲ್ಲರಿಗೂ ಸೋಫಾ ಬೆಡ್ ದಂಡ ಅಲ್ಲ.

ಸಕಲೇಶಪುರ:
ನಮ್ಮದು ಕಾಫಿ ತೋಟದಲ್ಲಿ ಹೋಂಸ್ಟೇ. ಇಬ್ಬರಿಗೆ ಮೂರು ಹೊತ್ತಿನ ಊಟ ಸೇರಿ ದಿನಕ್ಕೆ 5,000. ಬೆಳಿಗ್ಗೆ ಅಕ್ಕಿ ರೊಟ್ಟಿ, ಕಾಯಿ ಚಟ್ನಿ. ಮಧ್ಯಾಹ್ನ ಕೋಳಿ ಸಾರು, ಕಡುಬು. ಶುಗರ್ ಇದ್ದವರಿಗೆ ನನ್ನ ಹೆಂಡತಿ ರಾಗಿ ಮಾಡಿಕೊಡುತ್ತಾಳೆ, ಕೇಳಿದರೆ ಸಾಕು. 25 ವರ್ಷದ ಕಾಗದ ಯಾಕೆ? ಫೋನ್ ಮಾಡಿ ಬನ್ನಿ.

ಕದ್ರಿ, ಮಂಗಳೂರು:
ಇದು ಜಾಹೀರಾತಾಯ್ತು. ಹೋಂಸ್ಟೇಗಳಲ್ಲಿ ಕರೆಂಟ್ ಹೋದರೆ ಜನರೇಟರ್ ಇರಲ್ಲ. ಬಿಸಿನೀರು ಎಂಟು ಗಂಟೆಗೆ ಮುಗಿದುಹೋಗುತ್ತದೆ. ನಾನು ಅನುಭವಿಸಿ ಬಂದವಳು.

ಸಕಲೇಶಪುರ:
ನಮ್ಮಲ್ಲಿ ಸೌದೆ ಒಲೆಯ ಹಂಡೆ ಇದೆ, ದಿನವಿಡೀ ಬಿಸಿನೀರು. ಮಳೆಗಾಲದಲ್ಲಿ ನಾಲ್ಕು ದಿನ ಕರೆಂಟ್ ಹೋಗುವುದು ನಿಜ, ಮುಚ್ಚಿಡಲ್ಲ. ಆದರೆ ನಾನು ಯಾರ ಹತ್ತಿರವೂ ಬರದೇ ಇದ್ದದ್ದಕ್ಕೆ ದುಡ್ಡು ತಗೊಂಡಿಲ್ಲ.

ಎಡಿಸನ್, ನ್ಯೂ ಜರ್ಸಿ:
ನಿಮ್ಮದು 25 ವರ್ಷಕ್ಕಾದರೂ ಮುಗಿಯುತ್ತದೆ. ನಮ್ಮದು ಫ್ಲೋರಿಡಾದ ಓರ್ಲಾಂಡೋದ ಡೀಡ್, ಅಂದರೆ ಆಸ್ತಿಯ ಹಾಗೆ ನಮ್ಮ ಹೆಸರಿಗೇ ಬರೆದದ್ದು, ಕೊನೆಯೇ ಇಲ್ಲ. 14,500 ಡಾಲರ್ ಕೊಟ್ಟೆವು. ವರ್ಷದ ಮೆಂಟೆನೆನ್ಸ್ 680 ಡಾಲರ್‌ನಿಂದ 1,290ಕ್ಕೆ ಏರಿತು. ಅದರ ಮೇಲೆ ಒಂದು ವರ್ಷ ಛಾವಣಿ ರಿಪೇರಿಗೆ ಅಂತ 900 ಡಾಲರ್ ಸ್ಪೆಷಲ್ ಅಸೆಸ್‌ಮೆಂಟ್. ಫ್ಲೋರಿಡಾದಲ್ಲಿ ಸಹಿ ಹಾಕಿದ 10 ದಿನದೊಳಗೆ ರದ್ದು ಮಾಡುವ ಹಕ್ಕು ಕಾನೂನಿನಲ್ಲೇ ಇದೆ. ಆ ಹಾಳೆಯನ್ನು ದಪ್ಪ ಫೈಲಿನ ಮಧ್ಯೆ ಇಟ್ಟುಕೊಟ್ಟಿದ್ದರು. ನಮ್ಮ ಕಣ್ಣಿಗೆ ಬಿದ್ದಾಗ ತಿಂಗಳು ಕಳೆದಿತ್ತು. ಕೊನೆಗೆ ಒಂದು ಡಾಲರ್‌ಗೆ ಕೊಡುತ್ತೇವೆ ಅಂತ ಹಾಕಿದೆವು. ವರ್ಗಾವಣೆ ಖರ್ಚು ನಾವೇ ಕೊಟ್ಟ ಮೇಲೆ ಒಬ್ಬರು ತಗೊಂಡರು.

ಸಿದ್ಧಗಂಗಾ ಬಡಾವಣೆ, ತುಮಕೂರು:
ನಮ್ಮ ದೇಶದಲ್ಲಿ ಟೈಮ್‌ಶೇರ್‌ಗೆ (ಇಂಥ ಹಾಲಿಡೇ ಮೆಂಬರ್‌ಶಿಪ್‌ಗೆ) ಅಂತ ಬೇರೆ ಕಾನೂನೇ ಇಲ್ಲ. ರದ್ದು ಮಾಡಲು ಕೆಲವು ಕಂಪನಿಗಳು ಒಪ್ಪಂದದಲ್ಲೇ 10 ದಿನ ಕೊಡುತ್ತವೆ, ಕೆಲವು ಕೊಡಲ್ಲ. ಅದನ್ನು ಸಹಿಗೆ ಮೊದಲೇ ಓದಿ. ನಾನು ಗ್ರಾಹಕರ ಆಯೋಗಕ್ಕೆ ಹೋಗಿ ಗೆದ್ದವನು. 2,10,000 ಕಟ್ಟಿದ್ದೆ. ಊಟಿಯಲ್ಲಿ ನಮ್ಮದೇ ರೆಸಾರ್ಟ್ ಅಂದಿದ್ದರು. ಅಲ್ಲಿದ್ದದ್ದು ಬೇರೆಯವರ ಹೋಟೆಲಿನಲ್ಲಿ ಬಾಡಿಗೆಗೆ ಹಿಡಿದ ನಾಲ್ಕು ರೂಮು. ಒಪ್ಪಂದದಲ್ಲಿ ಹಾಗೆ ಬರೆದಿಲ್ಲ ಅಂತ ಅವರ ವಕೀಲರು ವಾದಿಸಿದರು. ಸೇಲ್ಸ್ ಹುಡುಗ ವಾಟ್ಸಾಪ್‌ನಲ್ಲಿ ಕಳಿಸಿದ್ದು ನನ್ನ ಹತ್ತಿರ ಇತ್ತು. ಅದೇ ಕೈ ಹಿಡಿಯಿತು. ಚೆನ್ನೈ ಕೋರ್ಟಿಗೇ ಬರಬೇಕು ಅಂತ ಒಪ್ಪಂದದಲ್ಲಿತ್ತು. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಲ್ಲಿ ನಾವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಒಂದೂವರೆ ವರ್ಷ ಹಿಡಿಯಿತು. ದುಡ್ಡು ಬಡ್ಡಿ ಸಮೇತ ಬಂತು. ರಾಜಾಜಿನಗರದವರೇ, ಬಾಯಲ್ಲಿ ಹೇಳಿದ್ದನ್ನೆಲ್ಲ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ ಅನ್ನಿ. ಬರೆಯಲ್ಲ ಅಂದರೆ ಅಲ್ಲಿಗೇ ಗೊತ್ತಾಯ್ತು.

ರಾಜಾಜಿನಗರ, ಬೆಂಗಳೂರು:
ಎಲ್ಲರಿಗೂ ಧನ್ಯವಾದ. ಒಂದು ಮಾತು. ಮಂಗಳೂರಿನ ಮೇಡಂ ಹೇಳಿದ ಹಾಗೆ ಬ್ಲೂ ತಗೊಳ್ಳೋಣ ಅಂದರೆ, ಹೆಂಡತಿಗೆ ಸೆಮಿಸ್ಟರ್ ಮುಗಿದಾಗ ಮಾತ್ರ ರಜೆ. ಅದೂ ಪರೀಕ್ಷೆ ಮುಂದೆ ಹೋದರೆ ಬದಲಾಗುತ್ತದೆ.

ಹಾಸನ:
ಅವರ ಹೆಂಡತಿ ಲೆಕ್ಚರರ್ ಅನ್ನುವುದನ್ನು ಇಷ್ಟು ಜನರಲ್ಲಿ ಯಾರೂ ಗಮನಿಸಲಿಲ್ಲ! ನಾನು ಪದವಿ ಕಾಲೇಜಿನಲ್ಲಿ ಇದ್ದು ನಿವೃತ್ತಳಾದವಳು. ಮಕ್ಕಳಿಲ್ಲದಿದ್ದರೂ ನಮಗೆ ಶಾಲೆ ಮಕ್ಕಳ ಹಾಗೇ ರಜೆ. ಮೂರು ತಿಂಗಳ ಮೊದಲು ರೂಮು ಹಿಡಿದಿರುತ್ತೇವೆ. ಅಷ್ಟರಲ್ಲಿ ವ್ಯಾಲ್ಯುವೇಶನ್ ಡ್ಯೂಟಿ ಆದೇಶ ಬರುತ್ತದೆ. ಹೊರಡುವ ದಿನಕ್ಕೆ 15 ದಿನಕ್ಕಿಂತ ಕಡಿಮೆ ಇರುವಾಗ ರದ್ದು ಮಾಡಿದರೆ ನಮ್ಮ ಒಪ್ಪಂದದಲ್ಲಿ ರಾತ್ರಿಗಳು ಕಟ್. ಯೂನಿವರ್ಸಿಟಿ ಪತ್ರ ಕಳಿಸಿದೆ, ಕೇಳಲಿಲ್ಲ. ಐದು ರಾತ್ರಿ ಹೋಯಿತು.

ಈಗ ನಾವು ಜೋಗಕ್ಕೆ ಹೋದರೆ ಸರ್ಕಾರದ ಹೋಟೆಲ್ ಮಯೂರ ಗೇರುಸೊಪ್ಪದಲ್ಲಿ ಇಳಿಯುತ್ತೇವೆ. ಕಾಡಿಗೆ ಹೋಗಬೇಕು ಅನ್ನಿಸಿದರೆ ಸರ್ಕಾರದ್ದೇ ಜಂಗಲ್ ಲಾಡ್ಜಸ್. ಅಲ್ಲಿ ತಲೆಗೆ ಇಷ್ಟು ಅಂತ ದರ, ಊಟ ಸಫಾರಿ ಎಲ್ಲಾ ಸೇರಿ. ಇಬ್ಬರಿದ್ದರೆ ಇಬ್ಬರದೇ ದುಡ್ಡು. ನಾಲ್ಕು ಜನರ ರೂಮಿನ ಲೆಕ್ಕ ನಮ್ಮ ತಲೆಗೆ ಕಟ್ಟಲ್ಲ.

ಕುವೆಂಪುನಗರ, ಮೈಸೂರು:
ತುಮಕೂರಿನವರೇ, ನಾನು ಈ ವರ್ಷದಿಂದ ಶುಲ್ಕ ಕಟ್ಟುವುದನ್ನೇ ನಿಲ್ಲಿಸುತ್ತೇನೆ. ಏನು ಮಾಡಿಯಾರು?

ಸಪ್ತಾಪುರ, ಧಾರವಾಡ:
ಹಾಗೆ ಸುಮ್ಮನೆ ನಿಲ್ಲಿಸಬೇಡಿ. ಬಾಕಿಗೆ ಬಡ್ಡಿ ಸೇರಿಸುತ್ತಾರೆ, ಬುಕಿಂಗ್ ನಿಲ್ಲಿಸುತ್ತಾರೆ. ಕೊನೆಗೆ ಮೆಂಬರ್‌ಶಿಪ್ ರದ್ದು ಮಾಡಿ ಕಟ್ಟಿದ ದುಡ್ಡನ್ನೂ ಮುಟ್ಟುಗೋಲು ಹಾಕಿಕೊಳ್ಳಬಹುದು. ಒಪ್ಪಂದದಲ್ಲಿ ಸರೆಂಡರ್ ಕಲಂ (ಮೆಂಬರ್‌ಶಿಪ್ ವಾಪಸ್ ಕೊಡುವ ನಿಯಮ) ಇದೆಯಾ ನೋಡಿ.

ಕುವೆಂಪುನಗರ, ಮೈಸೂರು:
ನೀವು ತಗೊಂಡೇ ಇಲ್ಲ, ಎಲ್ಲಾ ಗೊತ್ತಿರುವ ಹಾಗೆ ಹೇಳುತ್ತೀರಿ. ಸರೆಂಡರ್ ಕೇಳಿದ್ದೇನೆ. 62,000 ಕೊಡುತ್ತೇವೆ ಅಂದರು. 3,52,000 ಎಲ್ಲಿ, 62,000 ಎಲ್ಲಿ!

ಗೋಪಾಲಗೌಡ ಬಡಾವಣೆ, ಶಿವಮೊಗ್ಗ:
ನಿಮಗೆ 62,000 ಅಂದರಾ? ನಮಗೆ ಏನೂ ಬರಲ್ಲ ಅಂದರು. ಆ ಪತ್ರ ಇದ್ದರೆ ನನಗೂ ಕಳಿಸಿ.

ಸಿದ್ಧಗಂಗಾ ಬಡಾವಣೆ, ತುಮಕೂರು:
ಮೈಸೂರಿನವರೇ, ದೂರಿಗೆ ಎರಡು ವರ್ಷದ ಗಡುವು ಇದೆ. 2014ರ ಮಾತಿಗೆ ಈಗ ಹೋದರೆ ತಡವಾಯ್ತು ಅಂತಾರೆ. ಇತ್ತೀಚೆಗೆ ರೂಮು ಕೊಡದೇ ಇದ್ದದ್ದರ ಮೇಲೆ ದೂರು ಬರೆಯಿರಿ. ರೂಮಿಲ್ಲ ಅಂತ ಬಂದ ಪ್ರತಿ ಮೇಲ್ ತೆಗೆದಿಡಿ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಸಂಖ್ಯೆ ತಗೊಳ್ಳಿ.

ಕುವೆಂಪುನಗರ, ಮೈಸೂರು:
ಮೇಲ್ ಎಲ್ಲಾ ಇವೆ. ಒಲೆಯ ಬಾಡಿಗೆ ರಸೀದಿಯೂ ಇದೆ. ವಕೀಲರಿಗೆ ಎಷ್ಟಾಯ್ತು ನಿಮಗೆ?

ಸಿದ್ಧಗಂಗಾ ಬಡಾವಣೆ, ತುಮಕೂರು:
ವಕೀಲರನ್ನು ಇಟ್ಟಿರಲಿಲ್ಲ, ನಾನೇ ನಿಂತು ವಾದಿಸಿದೆ. ಕೊಟ್ಟ ದುಡ್ಡು 5 ಲಕ್ಷದೊಳಗೆ ಇದ್ದರೆ ಆಯೋಗದಲ್ಲಿ ಶುಲ್ಕವೇ ಇಲ್ಲ. ಅಫಿಡವಿಟ್, ನೋಟರಿ 350. ಜೆರಾಕ್ಸ್ ಮತ್ತು ರಿಜಿಸ್ಟರ್ಡ್ ಪೋಸ್ಟ್ ಸೇರಿ 800 ಚಿಲ್ಲರೆ. ರಸೀದಿಯನ್ನು ಇವತ್ತೇ ಜೆರಾಕ್ಸ್ ಮಾಡಿಸಿ, ಆ ಥರ್ಮಲ್ ಕಾಗದದ ಅಕ್ಷರ ಅಳಿಸಿಹೋಗುತ್ತದೆ.